ಹತ್ತಿಯ ಹೊಟ್ಟೆ

ನಾನು ದರ್ಜಿ. ಗಂಡಸರನ್ನೇ ಪ್ರೀತಿಸುವ ಗಂಡಸರು ನಾವು, ಅದರಲ್ಲೂ ದಪ್ಪಗಿನವರದೇ ಒಂದು ಕೂಟ. ಹೊರಗೆ ನಗೆಪಾಟಲಾಗುವ ಹೊಟ್ಟೆ, ಗಡ್ಡ, ಮೈಕೂದಲು ಇಲ್ಲಿ ಚೆಲುವು. ವರ್ಷಕ್ಕೊಮ್ಮೆ ಒಂದೇ ಬಣ್ಣದ ವೇಸ್ಟ್‌ಕೋಟು ತೊಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಹೊಲಿಯುವವನು ನಾನೇ.

ಹೋದ ವರ್ಷ, ಹೊಟ್ಟೆ ನೋಡಿ ನಾವು ಗುಡಾಣ ಎಂದು ಕರೆಯುತ್ತಿದ್ದ ಗೆಳೆಯನ ಸೊಂಟ ಆರು ಇಂಚು ತಾನಾಗೇ ಇಳಿದಿತ್ತು.

"ಡಾಕ್ಟರ ಹತ್ರ ಹೋಗೋ," ಎಂದೆ.

"ಹಿಂದೊಂದ್ಸಲ ಹೋಗಿದ್ದೆ. ಮುಟ್ಟೂ ನೋಡ್ಲಿಲ್ಲ, ತಿನ್ನೋದು ಕಮ್ಮಿ ಮಾಡು ಅಂತ ನಕ್ಕ. ಈಗ ಹೋದ್ರೆ ಭೇಷ್ ಅಂತಾನೆ. ನೀನು ಒಂಚೂರು ಹತ್ತಿ ತುಂಬು ಕಣೋ. ಸಣಕಲರನ್ನ ನಮ್ಮಲ್ಲಿ ಯಾರು ನೋಡ್ತಾರೆ?"

ತುಂಬಿದೆ. ನನ್ನ ಬುದ್ಧಿಗಿಷ್ಟು! ಫೋಟೋದಲ್ಲಿ ಅವನದೇ ದೊಡ್ಡ ಹೊಟ್ಟೆ. ಎರಡೇ ತಿಂಗಳಲ್ಲಿ ಅವನನ್ನು ಮಣ್ಣು ಮಾಡಿದೆವು.

ಅವನಕ್ಕ ಆ ಕೋಟನ್ನು ಅಂಗಡಿಗೆ ತಂದುಕೊಟ್ಟಳು. "ಇದು ನಮ್ಮ ತಮ್ಮಂದಲ್ಲ ಅನ್ಸುತ್ತೆ. ಅವನು ಇಷ್ಟು ದಪ್ಪ ಇರ್ಲಿಲ್ಲ."

ಮೂಲೆಯಲ್ಲಿ ನೇತುಹಾಕಿದೆ. ಒಳಗೆ ಯಾರೂ ಇಲ್ಲದಿದ್ದರೂ ಹೊಟ್ಟೆ ಮುಂದಿತ್ತು. ಫ್ಯಾನು ಆರಿಸಿದ ಮೇಲೂ ಉಸಿರಾಡಿದಂತೆ ಏರಿಳಿಯುತ್ತಿತ್ತು. ಹೆದರಿ ಪರದೆ ಎಳೆದುಬಿಟ್ಟೆ, ಮತ್ತೆ ಅತ್ತ ಹೋಗಲಿಲ್ಲ.

ಇವತ್ತು ಮಧ್ಯಾಹ್ನ ನನ್ನವನು ಈ ವರ್ಷದ ಕೋಟು ತೊಟ್ಟು ನೋಡಲು ಬಂದ. ಬೇಕರಿಯಲ್ಲಿ ಬ್ರೆಡ್ಡು ಸುಡುವವನು, ಹನ್ನೊಂದು ವರ್ಷದಿಂದ ನನ್ನ ಜೊತೆಗಿರುವವನು. ಎರಡು ತಿಂಗಳಿಂದ ಸೆಕೆ ಎಂದು ಬೇರೆ ಮಲಗುತ್ತಾನೆ, ಅಂಗಿ ಮಾತ್ರ ಬಿಚ್ಚುವುದಿಲ್ಲ.

ಅಂಗಿಯ ಮೇಲೇ ಟೇಪು ಸುತ್ತಿದೆ. ಐವತ್ತೆರಡು, ಹೋದ ವರ್ಷದ್ದೇ. ಮನಸ್ಸು ನಿರಾಳವಾಯಿತು.

"ನೋಡ್ದಾ? ಹಾಗೇ ಇದ್ದೀನಿ," ಎಂದ.

ಅರೆಹೊಲಿದ ಕೋಟು ತೊಡಿಸಿ ಗುಂಡುಸೂಜಿ ಹಾಕುವಾಗ ಕೈ ಜಾರಿತು. ಸೂಜಿ ತಲೆಯವರೆಗೂ ಅವನ ಹೊಟ್ಟೆಗಿಳಿಯಿತು. ಅವನು ಬೇಕರಿ ಯಜಮಾನನ ಬೈಗುಳವನ್ನು ಅಣಕಿಸುತ್ತಲೇ ಇದ್ದ. ಹುಬ್ಬೂ ಅಲುಗಲಿಲ್ಲ.

ಇನ್ನೊಂದನ್ನು ಬೇಕೆಂದೇ ಚುಚ್ಚಿದೆ. ಮಾತು ನಿಲ್ಲಲಿಲ್ಲ.

ಹೋಗಿ ಪರದೆ ಸರಿಸಿದೆ. ಗುಡಾಣನ ಕೋಟು ಚಪ್ಪಟೆಯಾಗಿ ಜೋತುಬಿದ್ದಿತ್ತು. ಒಳಹೊಲಿಗೆ ಬಿಚ್ಚಿ ಯಾರೋ ಹತ್ತಿಯನ್ನೆಲ್ಲ ತೆಗೆದಿದ್ದರು. ಅಂಗಡಿಯ ಇನ್ನೊಂದು ಕೀಲಿಕೈ ಇರುವುದು ನನ್ನವನ ಹತ್ತಿರ.

ತಿರುಗಿದೆ. ಅವನು ಹೊಟ್ಟೆಗಿಳಿದ ಸೂಜಿಗಳನ್ನು ನೋಡಿಕೊಳ್ಳುತ್ತಿದ್ದ.

"ಸಣ್ಣಗಾದ್ರೆ ಬಿಟ್ಟುಬಿಡ್ತೀಯ ಅನ್ಕೊಂಡೆ," ಎಂದ.

ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. "ಮುಚ್ಚು ಬಾಯಿ. ನಡಿ ಆಸ್ಪತ್ರೆಗೆ. ಡಾಕ್ಟರು ಮುಟ್ಟಿ ನೋಡೋ ತನಕ ನಾನೂ ಅಲ್ಲಿಂದ ಏಳಲ್ಲ."

ಅಂಗಿಯೊಳಗೆ ಕೈಹಾಕಿ ಹತ್ತಿಯನ್ನೆಲ್ಲ ಕಿತ್ತು ನೆಲಕ್ಕೆಸೆದೆ. ಸೊಂಟ ಬಳಸಿ ಹಿಡಿದು ಹೊರಟೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ತೋಳು ಅವನನ್ನು ಸುತ್ತಿ ಮುಂದಕ್ಕೆ ಬಂತು.