ಮೇಷ್ಟ್ರ ಹೊಸ ಪರದೆ

ನಮ್ಮ ಆಫೀಸಿನಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಆಸ್ಪತ್ರೆಗಳಿಗೆ ಔಷಧಿ ಚೀಟಿ ಮುದ್ರಿಸಿಕೊಡುವ ನಮ್ಮ ಪ್ರೋಗ್ರಾಮನ್ನು ಇಪ್ಪತ್ತು ವರ್ಷದ ಹಿಂದೆ ಬರೆದವರು ಅವರೇ. ಕಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇಲ್ಲಿಂದ ಓದು ನೋಡೋಣ" ಎಂದು ಕೋಡನ್ನು ಗಟ್ಟಿಯಾಗಿ ಓದಿಸುವುದು ಅವರ ರೂಢಿ. ನಾನು ಕನಸು ಕಾಣುತ್ತ ಸಾಲು ಹಾರಿಸಿದರೆ ಮೇಜು ಕುಟ್ಟುವರು.

ಕೋಡ್ ಬರೆಯುವ ಸಾಫ್ಟ್‌ವೇರನ್ನು ಸೋಮವಾರದಿಂದ ಎಲ್ಲರೂ ಹೊಸದಕ್ಕೆ ಬದಲಾಯಿಸಬೇಕೆಂದು ಮ್ಯಾನೇಜರ್ ಹೇಳಿದಾಗ ಮೇಷ್ಟ್ರೊಬ್ಬರೇ ಒಲ್ಲೆ ಎಂದರು.

"ಅದು ಬಣ್ಣ ಬಳಿದ ಗೊಂಬೆ ಕಣಮ್ಮ. ನನಗೆ ಹಳೇದೇ ಸಾಕು."

"ನಿಮ್ಮ ಹಳೇದು ತಪ್ಪು ಕಂಡ್ರೂ ಬಾಯಿ ಬಿಡಲ್ಲ ಮೇಷ್ಟ್ರೇ," ಎಂದಳು ಮ್ಯಾನೇಜರ್. "ಹೊಸದು ಬರೀತಿದ್ದ ಹಾಗೇ ಕೆಂಪು ಗೆರೆ ಎಳೆಯುತ್ತೆ. ಸೋಮವಾರ ಹಳೇದನ್ನ ತೆಗೆಸ್ತೀನಿ."

ಪಕ್ಕದ ಸೀಟಿನವನು ಪಿಸುಗುಟ್ಟಿದ: "ಮೇಷ್ಟ್ರ ಪ್ರಾಣ ಆ ಹಳೇ ಡಬ್ಬದಲ್ಲೇ ಇದೆ." ಅಜ್ಜಿ ಕಥೆಯಲ್ಲಿ ಏಳು ಸಮುದ್ರದಾಚೆಯ ಗಿಳಿಯೊಳಗೆ ಜೀವ ಬಚ್ಚಿಟ್ಟ ರಾಕ್ಷಸ ನೆನಪಾಗಿ ನಾನೂ ನಕ್ಕೆ.

ಶುಕ್ರವಾರ ಮಧ್ಯಾಹ್ನ ಮೇಷ್ಟ್ರು ಓದಲು ನನ್ನನ್ನು ಕರೆದರು. ನಡುವೆ ಕೋಡನ್ನೇ ಮುಚ್ಚಿಕೊಂಡು ಪರದೆಯ ಮೇಲೆ ಯಾವುದೋ ಸೂಚನೆ ಬಂದು ನಿಂತಿತು. ನಾನೂ ನಿಲ್ಲಿಸಿದೆ.

"ಯಾಕೆ, ಗಂಟಲು ಕಟ್ತಾ? ಮುಂದಿನ ಸಾಲು ಇಲ್ಲೇ ಇದೆಯಲ್ಲ!" ಎಂದು ಆ ಸೂಚನೆಯ ಮೇಲೇ ಬೆರಳಿಟ್ಟರು.

ಚಿಕ್ಕಂದಿನಲ್ಲಿ "ನಿನ್ನ ಕಣ್ಣು ಚುರುಕಾ ನೋಡೋಣ" ಎಂದು ಅಜ್ಜಿ ನನ್ನ ಕೈಗೆ ಸೂಜಿ, ದಾರ ಕೊಡುತ್ತಿದ್ದಳು. ಎಷ್ಟೋ ವರ್ಷ ಅದು ನನ್ನ ಕಣ್ಣಿನ ಪರೀಕ್ಷೆಯೆಂದೇ ನಂಬಿದ್ದೆ.

"ಮೇಷ್ಟ್ರೇ, ಕಣ್ಣು ಎಷ್ಟು ದಿನದಿಂದ ಹೀಗೆ?"

ಅವರು ಕನ್ನಡಕ ತೆಗೆದು ಒರೆಸುತ್ತಲೇ ಕೂತರು. "ಎರಡು ವರ್ಷ. ಹಳೇದ್ರಲ್ಲಿ ಎಲ್ಲೆಲ್ಲಿ ಏನಿದೆ ಅಂತ ಬೆರಳಿಗೇ ಗೊತ್ತು. ಹೊಸದ್ರಲ್ಲಿ ತಡವರಿಸಿದ್ರೆ ಬಯಲಾಗುತ್ತೆ. ಆಮೇಲೆ ನನ್ನನ್ನ ಯಾರು ಇಟ್ಕೊಳ್ತಾರೆ ಮಗಳೇ?"

ನಾನು ನನ್ನ ಲ್ಯಾಪ್‌ಟಾಪ್ ತಂದು ಹೊಸದನ್ನು ತೆರೆದೆ. ಕಪ್ಪು ಹಿನ್ನೆಲೆ, ಹಳದಿ ಅಕ್ಷರ. ಅಕ್ಷರಗಳನ್ನು ಹಿಗ್ಗಿಸುತ್ತ ಹೋದೆ. ಹೆಬ್ಬೆರಳಿನಷ್ಟಾದಾಗ ಮೇಷ್ಟ್ರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಗಟ್ಟಿಯಾಗಿ ಓದುವ ಸೌಲಭ್ಯವನ್ನೂ ಹಾಕಿ, ಅವರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದೆ. ತಾವೇ ಎಂದೋ ಬರೆದ ಕೋಡನ್ನು ಕೇಳುತ್ತಿದ್ದವರು ತಟ್ಟನೆ ಮೇಜು ಕುಟ್ಟಿದರು. ಆ ಸಾಲಿನ ಕೆಳಗೆ ಕೆಂಪು ಗೆರೆ ಇತ್ತು.

"ಅಯ್ಯೋ, ಹನ್ನೊಂದು ವರ್ಷದಿಂದ ಇಲ್ಲೇ ಮಲಗಿದ್ಯಲ್ಲೋ ಕಳ್ಳಾ! ಪುಣ್ಯಕ್ಕೆ ಯಾರೂ ಬಳಸದ ಮೂಲೆ." ತಾವೇ ತಿದ್ದಿದರು. ಗೆರೆ ಅಳಿಯಿತು. ಆಮೇಲೆ ಎದ್ದು ನಿಂತರು. "ನಾನೇ ಹೇಳ್ತೀನಿ ಅವಳಿಗೆ. ನೀನು ಇಲ್ಲೇ ಇರು."

ಮ್ಯಾನೇಜರ್ ಕೋಣೆಯ ಗಾಜಿನಾಚೆ ಅವರು ತಲೆ ತಗ್ಗಿಸಿ ಮಾತಾಡುವುದು ಕಂಡಿತು. ಅವಳು ಎದ್ದು ಬಂದು ಕುರ್ಚಿ ಎಳೆದು ಅವರನ್ನು ಕೂರಿಸಿದಳು. ಬಹಳ ಹೊತ್ತಾಯಿತು. ನಾನು ಉಗುರು ಕಚ್ಚುತ್ತಿದ್ದೆ.

ಹೊರಬಂದವರ ಕಣ್ಣಂಚು ಒದ್ದೆಯಾಗಿತ್ತು. "ಸೋಮವಾರದ ತನಕ ಯಾಕೆ, ಈಗ್ಲೇ ಹಾಕಿಸ್ಕೊಳ್ಳಿ ಅಂದ್ಲು. ದೊಡ್ಡ ಪರದೆನೂ ಕೊಡ್ತಾಳಂತೆ."

"ಹಾಗಾದ್ರೆ ನಾನಿನ್ನು ಓದೋ ಹಾಗಿಲ್ವಾ?"

"ಯಾಕಿಲ್ಲ? ಆ ಯಂತ್ರ ಶುದ್ಧ ಸಪ್ಪೆಯಾಗಿ ಓದುತ್ತೆ. ನೀನೇ ಬಾ. ಆದ್ರೆ ಹುಷಾರ್, ಇನ್ಮೇಲೆ ನೀನು ಸಾಲು ಹಾರಿಸೋದು ನನಗೆ ಕಾಣುತ್ತೆ."