ನಾಲ್ಕನೇ ಶೆಡ್ಡಿನ ನುಸಿ

"ಮೈ ತೊಳ್ಕೊಳ್ದ ಮುಂಡೇರಾ, ನಿಮ್ಮನೇಲಿರೋ ನುಸೀನೆಲ್ಲಾ ತಂದು ನನ್ ಕೋಳಿಗ್ ಹತ್ತಿಸ್ತೀರಲ್ರೇ!"

ಧಣಿ ಸುಂಜೋಯೊ ಅಂಗಳದಲ್ಲಿ ನಿಂತು ಬೈಯುತ್ತಿದ್ದ. ಮೊಟ್ಟೆ ಆರಿಸುವ ಹನ್ನೊಂದು ಹೆಂಗಸರು ನಾವು, ತಟ್ಟೆ ಹಿಡಿದು ನಿಂತಲ್ಲೇ ಕೆರೆದುಕೊಳ್ಳುತ್ತಿದ್ದೆವು. ಕೋಳಿನುಸಿಗೆ ನಮ್ಮ ಜಾವಾದಲ್ಲಿ ಗುರೆಮ್ ಎನ್ನುತ್ತಾರೆ. ನಮ್ಮಂತೆ ಅಂಗೈಯಗಲ ನೆಲವಿರುವ ರೈತನಿಗೂ ಅದೇ ಹೆಸರು. ಹಾಗಾಗಿ ಧಣಿ "ಥೂ, ಗುರೆಮ್!" ಎಂದರೆ ಅದು ನುಸಿಗೋ ನಮಗೋ ಎಂದು ತಿಳಿಯುತ್ತಿರಲಿಲ್ಲ.

ಬಾಣಂತಿ ಸಾರ್ತಿಯ ಎದೆಗೂಸಿಗೂ ಮೈತುಂಬ ದದ್ದು ಎದ್ದಿತ್ತು. ಶೆಡ್ಡಿಗೆ ಔಷಧಿ ಹೊಡೆಸಿ ಎಂದು ಕೇಳಿದ್ದಕ್ಕೆ ಹಿಂದಿನ ವಾರವೇ ಅವಳ ಕೆಲಸ ಹೋಗಿತ್ತು.

ಆ ದಿನ ಸರ್ಕಾರಿ ಪಶುವೈದ್ಯರು ಬರುವವರಿದ್ದರು. ಶುಚಿಯಾದ ಫಾರ್ಮ್ ಎಂದು ಫಲಕ ಕೊಟ್ಟು ಫೋಟೋ ತೆಗೆಸುತ್ತಾರಂತೆ. ಹೊಸ ಬಾತಿಕ್ ಅಂಗಿ ತೊಟ್ಟಿದ್ದ ಧಣಿ ಒಂದು ಕಾಗದ ಚಾಚಿದ.

"'ತುರಿಕೆ ನಮ್ಮನೇದೇ, ಫಾರ್ಮಿಂದಲ್ಲ' ಅಂತ ನೀವೇ ಹೇಳ್ದಂಗೆ ಬರ್ದೈತೆ. ಸಾಹೇಬ್ರು ಹೋಗೋದ್ರೊಳ್ಗೆ ಹೆಬ್ಬೆಟ್ ಒತ್ರಿ. ಅವ್ರ ಮುಂದೆ ಯಾವಳಾದ್ರೂ ಕೆರ್ಕೊಂಡ್ರೆ ಚರ್ಮ ಸುಲೀತೀನಿ."

"ಸುಲೀರಿ ಧಣಿ. ತುರಿಕೇನೂ ಅದ್ರ ಜೊತೇಲೇ ಹೋಯ್ತದೆ," ಎಂದಳು ವಾಗಿಯೆಮ್ ಅಜ್ಜಿ. ನಮ್ಮಲ್ಲಿ ಅವಳಿಗೇ ವಯಸ್ಸು ಹೆಚ್ಚು, ನಾಲಿಗೆಯೂ ಉದ್ದ.

ಫೋಟೋದವನನ್ನು ಕರೆದುಕೊಂಡು ಪಶುವೈದ್ಯರು ಬಂದರು. ಅಂಗಳದಲ್ಲೇ ಕೂತು ಎಳನೀರು ಕುಡಿದರು.

"ನುಸಿ ಗಿಸಿ ಐತೇನ್ರಿ?"

"ಒಂದೂ ಇಲ್ಲ ಸಾಹೇಬ್ರೆ. ಇದ್ರೆ ಇವ್ರ ಲುಂಗಿಯೊಳ್ಗೆ!"

ಇಬ್ಬರೂ ನಕ್ಕರು. ಧಣಿಯ ಕೈಗೆ ಫಲಕ ಬಂತು. ಇನ್ನೊಂದು ಕೈಯಲ್ಲೊಂದು ಕೋಳಿ ಇದ್ದರೆ ಚೆಂದ ಎಂದ ಫೋಟೋದವನು. ಅವನ ಮಾತು ಮುಗಿಯುವ ಮೊದಲೇ ಅಜ್ಜಿ ಎಲ್ಲಕ್ಕಿಂತ ಹೆಚ್ಚು ನುಸಿಯಿದ್ದ ನಾಲ್ಕನೇ ಶೆಡ್ಡಿಗೆ ಓಡಿ, ದಪ್ಪನೆಯದೊಂದನ್ನು ಅವುಚಿಕೊಂಡು ಬಂದಳು. ಅದರ ಬಾಲದ ಬುಡದಲ್ಲಿ ಮೆಣಸಿನ ಪುಡಿ ಚೆಲ್ಲಿದಂತೆ ನುಸಿ ಮುತ್ತಿತ್ತು.

"ತಬ್ಕೊಳ್ಳಿ ಧಣಿ, ಮಗೀನ್ ಎತ್ಕೊಂಡಂಗೆ."

ಫೋಟೋದವನು ನಿಧಾನದ ಆಸಾಮಿ. ಫಲಕ ತಲೆಕೆಳಗಾಗಿದೆ ಎಂದ, ಗಲ್ಲ ಎತ್ತಿ ಎಂದ. ಧಣಿಯ ತುಟಿ ನಗುತ್ತಿತ್ತು, ಭುಜ ಕುಣಿಯುತ್ತಿತ್ತು. ಕೊನೆಗೆ ಅವನ ಕೈ ತಡೆಯಲಾರದೆ ಅಂಗಿಯೊಳಗೆ ನುಗ್ಗಿತು. ಕೋಳಿ ಹಾರಿ ಪಶುವೈದ್ಯರ ತೊಡೆಯ ಮೇಲೆ ಕೂತಿತು.

"ಅಯ್ಯಯ್ಯೋ! ಏನ್ರಿ ಇದು, ಕೈಮೇಲೆಲ್ಲಾ ಹರೀತೈತೆ?"

"ನಮ್ಮನೇವು ಸಾಹೇಬ್ರೆ," ಎಂದಳು ಅಜ್ಜಿ ಕೈಮುಗಿದು. "ಅಡ್ರೆಸ್ ಕೇಳ್ಕೊಂಡ್ ಬಂದವೆ."

ಮೊದಲು ನಕ್ಕವಳು ನಾನು. ಆಮೇಲೆ ಯಾರಿಂದಲೂ ತಡೆಯಲಾಗಲಿಲ್ಲ. ಪಶುವೈದ್ಯರು ಫಲಕವನ್ನು ಕಿತ್ತುಕೊಂಡು ಜೀಪು ಹತ್ತಿದರು.

"ನಾಳೆಯಿಂದ ಒಬ್ಳೂ ಬರ್ಬೇಡ್ರೇ, ಬೋಸುಡೇರಾ!"

"ನಾಳೆ ಯಾಕೆ, ಈಗ್ಲೇ ಹೊಂಟ್ವಿ. ಶೆಡ್ಡಿಗೆ ಔಷ್ದಿ ಹೊಡ್ಸಿ, ಸಾರ್ತೀನ ವಾಪಸ್ ಕರೀರಿ. ಆಮೇಲ್ ನೋಡಾನ," ಎಂದಳು ಅಜ್ಜಿ.

ಹನ್ನೊಂದು ಜನರೂ ಗೇಟಿನಾಚೆ ಕೂತೆವು. ಬುತ್ತಿ ಬಿಚ್ಚಿ ಅನ್ನ, ಸೋಯಾ ಕಾಳಿನ ತೆಂಪೆ ಹಂಚಿಕೊಂಡೆವು. ಯಾರ ಹಂಗೂ ಇಲ್ಲದೆ ಬೆನ್ನು, ಕಂಕುಳು ಕೆರೆದುಕೊಂಡೆವು. ಬೇರೆ ಆಳುಗಳಿಗಾಗಿ ಧಣಿ ಊರೂರಿಗೆ ಫೋನು ಮಾಡಿದ. ನಾಲ್ಕನೇ ಶೆಡ್ಡು ಎಂದೊಡನೆ ಆಳುಗಳು ಫೋನ್ ಇಡುತ್ತಿದ್ದರು.

ಮಧ್ಯಾಹ್ನ ದಾಟಿತು. ಮೊಟ್ಟೆಗಳು ಒಂದರ ಮೇಲೊಂದು ಉರುಳಿ ಒಡೆಯುವುದು ನಮಗೂ ಕೇಳಿಸುತ್ತಿತ್ತು. ಕಡೆಗೆ ಧಣಿಯೇ ಪ್ಯಾಂಟು ಮಡಚಿ, ತಟ್ಟೆ ಹಿಡಿದು ನಾಲ್ಕನೇ ಶೆಡ್ಡಿನ ಬಾಗಿಲಿಗೆ ಹೋದ. ಒಂದು ಕಾಲು ಒಳಗಿಟ್ಟ. ಸಾವಿರಾರು ಕೋಳಿಗಳು ಒಮ್ಮೆಲೇ ಕೂಗಿದವು.

ಇನ್ನೊಂದು ಕಾಲು ಹೊರಗೇ ಉಳಿಯಿತು.