ನೀಲಿ ಹೆಚ್ಚಾದ ಮುಖ

ಜಲವರ್ಣ ಕೊಳ್ಳಲು ಬರುವವರಲ್ಲಿ ಮುಕ್ಕಾಲು ಪಾಲು ಜನ ಟ್ಯೂಬಿನ ಮೇಲಿನ ಹೆಸರು ನೋಡಿ ಮರುಳಾಗುತ್ತಾರೆ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎನ್ನುವ ಗಾದೆ ಬಣ್ಣಗಳಿಗೂ ಸಲ್ಲುತ್ತದೆ. ನೋಡಬೇಕಾದದ್ದು ಟ್ಯೂಬಿನ ಹಿಂಬದಿ. ಅಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಒಳಗೆ ಯಾವ ಬಣ್ಣದ ಪುಡಿ ಇದೆ ಎಂದು ಬರೆದಿರುತ್ತಾರೆ. ಒಂದೇ ಪುಡಿ ಇದ್ದರೆ ಅದನ್ನು ಇನ್ನೊಂದಕ್ಕೆ ಧೈರ್ಯವಾಗಿ ಬೆರೆಸಬಹುದು. ಮೂರು ಇದ್ದರೆ ಅದು ಆಗಲೇ ಬೆರೆತು ಬಂದಿದೆ, ನಾವು ಮತ್ತೊಂದು ಸೇರಿಸಿದರೆ ಕೆಸರಾಗುತ್ತದೆ. ನುಂಗಂಬಾಕ್ಕಂನ ಈ ಅಂಗಡಿಯಲ್ಲಿ ನಿಂತು ಇಪ್ಪತ್ತಾರು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. ಕಾಲೇಜಿನ ಮಕ್ಕಳು ನಾನು ಹೇಳುವುದನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಾರೆ, ಆಮೇಲೆ ಅಗ್ಗದ ಡಬ್ಬಿಯನ್ನೇ ತೆಗೆದುಕೊಂಡು ಹೋಗುತ್ತಾರೆ.

ನನ್ನ ಹೆಸರು ಸೀತಾರಾಮ. ಅಪ್ಪ ಉಡುಪಿ ಕಡೆಯಿಂದ ಬಂದು ಎಗ್ಮೋರ್ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಅಡುಗೆಗೆ ನಿಂತವರು. ನನ್ನನ್ನೂ ಅಲ್ಲಿಗೇ ಹಾಕಬೇಕೆಂದಿದ್ದರು. ಅಡುಗೆಮನೆಗೂ ನನಗೂ ಎಣ್ಣೆ ಸೀಗೆಕಾಯಿ, ಹಾಗಾಗಿ ಸೌಕಾರ್‌ಪೇಟೆಯ ಸೇಟು ಈ ಅಂಗಡಿ ತೆರೆದಾಗ ಇಲ್ಲಿ ಬಂದು ಸೇರಿಕೊಂಡೆ. ಮದುವೆ ಆಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೂ ಈಗ ಕೇಳುವುದನ್ನು ಬಿಟ್ಟಿದ್ದಾರೆ. ಅಪ್ಪ ಅಮ್ಮ ಹೋದ ಮೇಲೆ ಎಗ್ಮೋರಿನ ಒಂದು ಕೋಣೆಯಲ್ಲಿದ್ದೇನೆ. ಅಕ್ಕನ ಮಕ್ಕಳು ವೇಳಚೇರಿಯಲ್ಲಿದ್ದಾರೆ, ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ದಿನವಿಡೀ ತಮಿಳಾಡಿ ಕೋಣೆಗೆ ಬಂದು, ನಾಲಿಗೆಗೆ ಮರೆತುಹೋಗದಿರಲಿ ಎಂದು ಒಬ್ಬನೇ ಕನ್ನಡ ಮಾತಾಡಿಕೊಂಡದ್ದುಂಟು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ವೆಂಕಟಲಕ್ಷ್ಮಿಯವರು ಮೊದಲು ಬಂದದ್ದು ಮೂರು ವರ್ಷದ ಹಿಂದೆ, ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಅರವತ್ತೆಂಟು ವರ್ಷದ ಹೆಂಗಸು, ನೂಲಿನ ಸೀರೆ, ಕೈಯಲ್ಲಿ ಬಟ್ಟೆಯ ಚೀಲ. ಅವರಿಗೆ ಬ್ರಷ್ ತೋರಿಸಲು ಹೋಗಿ ನಾನು ಒಂದು ಡಬ್ಬಿಯನ್ನೇ ಬೀಳಿಸಿದೆ. "ಥತ್, ಎಂತ ಕರ್ಮ" ಎಂಬ ಮಾತು ಬಾಯಿಂದ ಬಂತು.

"ನೀವು ಕನ್ನಡದವರೋ?" ಎಂದರು ಅವರು.

ಅವರ ಮನೆತನ ಐದು ತಲೆಮಾರಿನಿಂದ ಮದರಾಸಿನದು. ಅವರ ಕನ್ನಡದ ಅರ್ಧ ಭಾಗ ತಮಿಳು, ನನ್ನದು ಪೂರ್ತಿ ಕರಾವಳಿಯದು. ಬೆಂಗಳೂರಿನವರು ಯಾರಾದರೂ ಕೇಳಿಸಿಕೊಂಡಿದ್ದರೆ ಇಬ್ಬರನ್ನೂ ನೋಡಿ ನಗುತ್ತಿದ್ದರೇನೋ. ನಮಗೆ ಮಾತ್ರ ಒಬ್ಬರ ಮಾತು ಒಬ್ಬರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅಂದಿನಿಂದ ಅವರು ಒಂದು ಬುಧವಾರ ಬಿಟ್ಟು ಒಂದು ಬುಧವಾರ ಬರತೊಡಗಿದರು. ಆ ಹೊತ್ತಿಗೆ ಅಂಗಡಿಯಲ್ಲಿ ಬೇರೆ ಗಿರಾಕಿಗಳಿರುತ್ತಿರಲಿಲ್ಲ. ಆ ಬುಧವಾರಗಳಿಗಾಗಿ ನಾನು ಹಿಂದಿನ ದಿನವೇ ಅಂಗಿಗೆ ಇಸ್ತ್ರಿ ಹಾಕಿಸುತ್ತಿದ್ದೆ.

ಅವರಿಗೆ ಬೇಕಾಗಿದ್ದದ್ದು ಒಂದೇ. ಅವರ ಯಜಮಾನರು ವಿಷ್ಣುತೀರ್ಥ, ವಿಮಾ ಕಚೇರಿಯಲ್ಲಿದ್ದವರು, ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ಮಕ್ಕಳಿಲ್ಲ. ಮನೆಯಲ್ಲಿ ಫೋಟೋಗಳೇನೋ ಇದ್ದವು.

"ಕ್ಯಾಮೆರಾ ಕಂಡ್ರೆ ಅವ್ರ ಮುಖ ಕಲ್ಲಾಗಿಬಿಡ್ತಿತ್ತು. ಒಂದು ಫೋಟೋನೂ ಅವ್ರ ಥರ ಇಲ್ಲೆ" ಎಂದರು. "ಬೆಳಿಗ್ಗೆ ಪೇಪರಿಂದ ತಲೆ ಎತ್ತಿ ‘ಏನೇ’ ಅಂತಿದ್ರು ನೋಡಿ, ಆ ಮುಖ ನಂಗೆ ಬೇಕು. ಸಣ್ಣವಳಿದ್ದಾಗ ಡ್ರಾಯಿಂಗ್ ಕಲ್ತಿದ್ದೆ. ಗೆರೆ ಬರತ್ತೆ. ಬಣ್ಣ ಬರಲ್ಲ."

ಗೆರೆ ನಿಜವಾಗಿಯೂ ಬರುತ್ತಿತ್ತು. ಪೆನ್ಸಿಲಿನಲ್ಲಿ ತಂದು ತೋರಿಸಿದ್ದರಲ್ಲಿ ಹುಬ್ಬೆತ್ತಿ ನೋಡುವ ಒಬ್ಬ ಮನುಷ್ಯ ಸ್ಪಷ್ಟವಾಗಿ ಕಾಣುತ್ತಿದ್ದ. ನಾನು ಅವರಿಗೆ ಆರೇ ಟ್ಯೂಬ್ ಆರಿಸಿಕೊಟ್ಟೆ, ಎಲ್ಲವೂ ಒಳ್ಳೆಯ ದರ್ಜೆಯವು. ಮುಖಕ್ಕೆ ಮಣ್ಣಿನ ಹಳದಿಯಾದ ಓಕರ್, ಇಟ್ಟಿಗೆಗೆಂಪಿನ ಸಿಯೆನ್ನಾ, ಬಿಸಿಲಿಗೆ ಮಾಸದ ಒಂದು ಗುಲಾಬಿ. ನೆರಳಿಗೆ ಅಲ್ಟ್ರಾಮರೀನ್ ನೀಲಿ.

"ನೀಲಿ ಮಾತ್ರ ಒಗ್ಗರಣೆಗೆ ಇಂಗು ಹಾಕಿದ ಹಾಗೆ ಹಾಕ್ಬೇಕು ಅಮ್ಮ. ಹೆಚ್ಚಾದ್ರೆ ಬೇರೆ ಎಂತದೂ ಉಳಿಯುದಿಲ್ಲ" ಎಂದೆ.

ಅವರು ಯಜಮಾನರ ಬಣ್ಣ ವಿವರಿಸಿದರು. ಗೋಧಿ ಬಣ್ಣ, ಕಿವಿ ಕೊಂಜ, ಅಂದರೆ ಸ್ವಲ್ಪ, ಕೆಂಪು, ಕನ್ನಡಕದ ಗುರುತಿನಲ್ಲಿ ಮೂಗಿನ ಪಕ್ಕ ತಿಳಿ. ನಾನು ಅವರ ಎದುರಿಗೇ ಬೆರೆಸಿ, ತುಂಡು ಕಾಗದದ ಮೇಲೆ ಹಚ್ಚಿ, ಒಣಗುವ ತನಕ ಕಾದು ತೋರಿಸಿದೆ. ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ಹಸಿಯಿದ್ದಾಗ ನೋಡಿ ತೀರ್ಮಾನ ಮಾಡಬಾರದು. ಎಂಟನೆಯ ಸಲಕ್ಕೆ "ಆಮಾ, ಹೌದು, ಇದೇ" ಎಂದರು. ಯಾವುದು ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ.

ಎರಡು ತಿಂಗಳ ನಂತರ ಆ ಚೀಟಿಯ ಅಳತೆಯಂತೆ ಮಾಡಿದ ಚಿತ್ರ ತಂದರು. ನಾನು ಕಾಣದ ಮನುಷ್ಯ ನನ್ನನ್ನೇ "ಏನು" ಎಂದು ಕೇಳುತ್ತಿದ್ದ. ಕೆನ್ನೆಯೊಳಗೆ ರಕ್ತ ಓಡಾಡುತ್ತಿತ್ತು, ಅಂಗಿ ಒಗೆದ ಬಿಳುಪಿನಲ್ಲಿತ್ತು. ನಾನು ಇನ್ನೇನು ಹೊಗಳಬೇಕು ಅನ್ನುವಷ್ಟರಲ್ಲಿ ಅವರೇ ತಲೆಯಾಡಿಸಿದರು.

"ಚೀಟಿಲಿ ಬರ್ದ ಹಂಗೇ ಮಾಡ್ದೆ. ಆದ್ರೆ ಕಾಮಾಲೆ ಬಂದವ್ರ ಥರ ಇದ್ದಾರೆ. ಎಲ್ಲಾ ಹಳದಿ. ಅಲ್ವಾ?"

ಅಲ್ಲ ಎನ್ನಬೇಕಿತ್ತು. ಆದರೆ ಗಿರಾಕಿ ಹೇಳಿದ್ದಕ್ಕೆ ಹೂಂ ಎನ್ನುವುದು ನನ್ನ ಇಪ್ಪತ್ತಾರು ವರ್ಷದ ಚಾಳಿ. ದುಃಖದಲ್ಲಿರುವವರ ಜೊತೆ ಯಾಕೆ ವಾದ ಎಂದೂ ಅನ್ನಿಸಿತು. "ಹೌದು, ಸ್ವಲ್ಪ ಹಳದಿ ಕಾಣ್ತದೆ" ಎಂದೆ. ಅವರು ಚಿತ್ರವನ್ನು ಅಲ್ಲೇ ಕೌಂಟರಿನ ಮೇಲೆ ನಾಲ್ಕು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿದರು. ಬುಟ್ಟಿ ನನ್ನ ಕಾಲ ಬಳಿಯೇ ಇತ್ತು. ಬಗ್ಗಿ ತೆಗೆದಿಟ್ಟುಕೊಳ್ಳಬೇಕು ಎಂದು ನನಗೆ ಹೊಳೆಯಲಿಲ್ಲ.

ಅದಾಗಿ ಮೂರು ತಿಂಗಳಿಗೆ ಅವರು ಒಂದು ಕಾಗದದ ಕಟ್ಟನ್ನು ವಾಪಸ್ಸು ತಂದರು. "ಹಳೇ ಸ್ಟಾಕ್ ಕೊಟ್ಟುಬಿಟ್ಟಿದೀರಿ ಸೀತಾರಾಮ. ಪೇಪರೆಲ್ಲಾ ಹಳದಿ ಆಗಿದೆ."

ಕಾಗದ ಹಾಲಿನಂತೆ ಬೆಳ್ಳಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಆಗಲೂ ಬೆಳ್ಳಗಿತ್ತು. ಆಗ ನನಗೆ ನೆನಪಾದದ್ದು ಎಗ್ಮೋರಿನ ಮ್ಯೂಸಿಯಮ್ಮಿನಲ್ಲಿ ಚಿತ್ರಗಳ ನಕಲು ಮಾಡುತ್ತಿದ್ದ ಒಬ್ಬ ಹಳೆಯ ಗಿರಾಕಿ. ಅವರು ಹೇಳುತ್ತಿದ್ದರು: ವಯಸ್ಸಾದ ಚಿತ್ರಕಾರನ ನೀಲಿ ಬೇಗ ಬೇಗ ಖಾಲಿಯಾಗುತ್ತಿದ್ದರೆ ಕಣ್ಣಿಗೆ ಪೊರೆ ಬಂದಿದೆ ಎಂದು ತಿಳಿ, ಪೊರೆ ಹಳದಿ ಗಾಜಿದ್ದ ಹಾಗೆ, ಬಲಿತಷ್ಟೂ ನೀಲಿಯನ್ನು ಒಳಗೆ ಬಿಡುವುದಿಲ್ಲ, ಹಾಗಾಗಿ ಅವನು ಸುರಿಯುತ್ತಲೇ ಇರುತ್ತಾನೆ. ವೆಂಕಟಲಕ್ಷ್ಮಿಯವರು ಹಿಂದಿನ ತಿಂಗಳು ಎರಡು ಅಲ್ಟ್ರಾಮರೀನ್ ಕೊಂಡಿದ್ದರು.

ನಾನು ಕಟ್ಟನ್ನು ತೆಗೆದುಕೊಂಡು ಒಳಗೆ ಹೋಗಿ, ಅದೇ ಕಂಪನಿಯ ಇನ್ನೊಂದು ಕಟ್ಟು ತಂದುಕೊಟ್ಟೆ. "ಈಗೀಗ ಎಲ್ಲಾ ಪೇಪರೂ ಹೀಗೇ ಬರುದು" ಎಂದೆ. ಹಳದಿ ಚಿತ್ರಕ್ಕೆ ಹೂಂ ಎಂದಾಗ ಅವರ ಕಣ್ಣಿನ ವಿಷಯ ನನಗೇ ಗೊತ್ತಿರಲಿಲ್ಲ ಎನ್ನಬಹುದು. ಇದನ್ನು ಗೊತ್ತಿದ್ದೇ ಹೇಳಿದೆ.

ಯಾಕೆ ಹೇಳಿದೆ ಎಂದು ಸುತ್ತಿ ಬಳಸದೆ ಹೇಳುತ್ತೇನೆ. ನನಗೆ ಹೆದರಿಕೆಯಾಯಿತು. ಕಣ್ಣಿಗೆ ಪೊರೆ ಬಂದಿದೆ ಎಂದು ಹೇಳಿದರೆ ಬೇಜಾರಾದಾರು, ಚಿತ್ರ ಬಿಡುವರು, ಬಣ್ಣ ಬೇಕಾಗದವರು ಬಣ್ಣದಂಗಡಿಗೆ ಯಾಕೆ ಬರುವರು? ಬುಧವಾರದ ಆ ಅರ್ಧ ಗಂಟೆಯ ಮಾತು ಹೋದರೆ ನನಗೆ ಈ ಊರಿನಲ್ಲಿ "ಊಟ ಆಯ್ತಾ" ಎಂದು ಕೇಳುವವರಿರಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಸಮಾಧಾನ ಮಾಡಿಕೊಂಡೆ. ಗಾದೆಗಳ ಗುಣವೇ ಅದು, ಹೇಡಿಗೂ ಒಂದು ಸಿಕ್ಕೇ ಸಿಗುತ್ತದೆ.

ಒಂದೂವರೆ ವರ್ಷ ಕಳೆಯಿತು. ಹೆಚ್ಚಿನ ಸಲ ಹೊಸ ಚಿತ್ರ ಬರುತ್ತಿತ್ತು, ಪ್ರತಿ ಚಿತ್ರದಲ್ಲೂ ವಿಷ್ಣುತೀರ್ಥರು ಮತ್ತಷ್ಟು ನೀಲಿಯಾಗುತ್ತಿದ್ದರು. ಮೊದಲು ಗದ್ದದ ನೆರಳು, ಆಮೇಲೆ ಕೆನ್ನೆ, ಕೊನೆಗೆ ಹಣೆ. ಬಿಳಿ ಅಂಗಿ ಆಕಾಶದ ಬಣ್ಣಕ್ಕೆ ತಿರುಗಿತು. ಕೆಂಪು ಕಿವಿ ನೇರಳೆಯಾಯಿತು. ಒಂದು ಬುಧವಾರ ಹೇಳಿಯೇ ಬಿಡಬೇಕೆಂದು ಬಸ್ಸಿನಲ್ಲಿ ಉದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಅವರು ಅವತ್ತು ಗೊಜ್ಜವಲಕ್ಕಿ ಮಾಡಿ ಡಬ್ಬಿಯಲ್ಲಿ ತಂದಿದ್ದರು.

"ಹ್ಯಾಗಿದೆ ಇದು?" ಎಂದು ಚಿತ್ರ ಬಿಡಿಸಿದರು.

"ಚೆಂದ ಉಂಟು ಅಮ್ಮ" ಎಂದೆ.

ಆಮೇಲೆ ಅವರು ಬರಬೇಕಾದ ಮೂರು ಬುಧವಾರ ಅವರ ಸುಳಿವಿಲ್ಲ. ಅವರ ಫೋನ್ ನಂಬರು ನನ್ನ ಬಳಿ ಇರಲಿಲ್ಲ, ಕೇಳುವ ಸಲುಗೆಯೂ ಇರಲಿಲ್ಲ. ಹನ್ನೊಂದು ಹೊಡೆದರೆ ನಾನು ಬಾಗಿಲ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ. ನಾಲ್ಕನೆಯ ಸರದಿಗೆ ಬಂದರು. ಕಪ್ಪು ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟರು.

"ಬಸ್ ನಂಬರ್ ತಪ್ಪಾಗಿ ಓದಿ ಎಲ್ಲೋ ಹೋಗಿಬಿಟ್ಟೆ. ತಂಗಿ ಮಗಳು ಶ್ರೀಪ್ರಿಯಾ ಡಾಕ್ಟರ್ ಹತ್ರ ಕರ್ಕೊಂಡು ಹೋದಳು. ಎರಡು ಕಣ್ಣಿಗೂ ಆಪರೇಷನ್ ಆಯ್ತು" ಎಂದರು. ಎಂದಿನ ಧ್ವನಿಯೇ ಇತ್ತು. ಆಮೇಲೆ ಚೀಲದಿಂದ ಚಿತ್ರಗಳನ್ನು ತೆಗೆದು ಒಂದರ ಪಕ್ಕ ಒಂದು ಹರಡಿದರು. ಇಪ್ಪತ್ತೇಳು ಇದ್ದವು. ಕೌಂಟರಿನ ಉದ್ದಕ್ಕೂ ನೀಲಿ ಮನುಷ್ಯನೊಬ್ಬ ಹುಬ್ಬೆತ್ತಿ ನೋಡುತ್ತಿದ್ದ.

"ನಿಮ್ಗೆ ಕಾಣ್ತಿತ್ತು, ಅಲ್ವಾ?"

ನಾನು ಹೌದು ಎಂದೆ.

"ಶ್ರೀಪ್ರಿಯಾ ಫೋನ್ ನೋಡ್ತಾನೇ ‘ಸೂಪರ್ ಪೆರಿಯಮ್ಮಾ’ ಅಂತಾಳೆ. ಅವಳ ಮೇಲೆ ನಂಗೆ ಸಿಟ್ಟಿಲ್ಲೆ, ಅವಳು ನೋಡಿದ್ದೇ ಇಲ್ಲೆ. ನೀವು ನೋಡಿದ್ರಿ." ಅವರು ಒಂದು ಚಿತ್ರದ ಅಂಚನ್ನು ನೇರ ಮಾಡಿದರು. "ನಾನು ಹರಿದು ಹಾಕಿದ್ನಲ್ಲ, ಅದು ಸರಿಯಾಗಿತ್ತಾ?"

"ಸರಿ ಇತ್ತು ಅಮ್ಮ. ಜೀವ ಇತ್ತು ಅದ್ರಲ್ಲಿ."

ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತು. "ಎರಡು ವರ್ಷ ಈ ಮುಖಾನೇ ಬರ್ದಿದೀನಿ" ಎಂದರು. "ದಿನಾ ಬೆಳಿಗ್ಗೆ ಕೂತು ಬರ್ದಿದೀನಿ. ಈಗ ಕಣ್ಣು ಮುಚ್ಚಿದ್ರೆ ಇವ್ರೇ ಬರ್ತಾರೆ. ಮೊದಲಿನವ್ರು ಬರೋದೇ ಇಲ್ಲೆ. ಫೋಟೋ ನೋಡ್ದೆ. ಅಲ್ಲಿ ಅವ್ರು ಯಾವಾಗ್ಲೂ ಇರ್ಲಿಲ್ಲೆ."

ನಾನು ಬಣ್ಣ ಬೆರೆಸುವ ತಟ್ಟೆ ತೆಗೆದೆ. ಓಕರ್, ಸಿಯೆನ್ನಾ, ಗುಲಾಬಿ, ಬ್ರಷ್ಷಿನ ತುದಿಯಲ್ಲಿ ನೀಲಿ. ಆ ಅಳತೆ ನನಗೆ ಬಾಯಿಪಾಠ ಇತ್ತು. ಬಣ್ಣ ಸರಿಯಾಗಿ ಬಂತು. ಕಾಗದದ ಮೇಲೆ ಹಚ್ಚಿ ಒಣಗಲು ಬಿಟ್ಟೆ. ಇಬ್ಬರೂ ಅದು ಒಣಗುವುದನ್ನೇ ನೋಡುತ್ತ ನಿಂತೆವು. ಒಣಗಿದ ಮೇಲೆ ಅವರ ಕಡೆ ತಿರುಗಿಸಿದೆ.

"ಇದೇ ಅಮ್ಮ, ಅವ್ರ ಬಣ್ಣ. ಅವತ್ತು ನೀವೇ ಇದೇ ಅಂದದ್ದು."

ಅವರು ಬಹಳ ಹೊತ್ತು ನೋಡಿದರು. ಹೊಸ ಕಣ್ಣುಗಳು, ಸಣ್ಣ ಗೆರೆಯನ್ನೂ ಬಿಡುವಂಥವಲ್ಲ. ನಾನು ಅವರ ಮುಖ ನೋಡುತ್ತಿದ್ದೆ. ಗುರುತು ಸಿಕ್ಕರೆ ಕಣ್ಣಿನಲ್ಲಿ ಗೊತ್ತಾಗುತ್ತದೆ, ಅದಕ್ಕೆ ಮಾತು ಬೇಕಾಗುವುದಿಲ್ಲ. ಅಂಥದ್ದೇನೂ ಆಗಲಿಲ್ಲ.

"ಇರಬಹುದು" ಎಂದರು. "ಇದೇ ಅಂತ ಹೇಳೋಕೆ ಈಗ ನೀವೊಬ್ರೇ ಇರೋದು. ನಿಮ್ಮ ಮಾತು ನಾನು ಹ್ಯಾಗೆ ನಂಬಲಿ?"

ತಪ್ಪಾಯ್ತು ಎಂದೆ. ಅವರು ಚಿತ್ರಗಳನ್ನು ಒಂದೊಂದಾಗಿ ಜೋಡಿಸಿ ಚೀಲಕ್ಕೆ ಹಾಕಿಕೊಂಡರು. ನಾನು ಬಣ್ಣ ಹಚ್ಚಿದ ತುಂಡು ಕಾಗದವನ್ನೂ ತೆಗೆದುಕೊಂಡು, ಮಡಿಸದೆ, ಚೀಲದಲ್ಲಿದ್ದ ಪುಸ್ತಕವೊಂದರ ನಡುವೆ ಇಟ್ಟುಕೊಂಡರು. ಇನ್ನು ಬರುವುದಿಲ್ಲ ಎಂದುಕೊಂಡೆ.

ಹದಿನೈದು ದಿನಕ್ಕೆ ಸರಿಯಾಗಿ ಬಂದರು. ಬುಧವಾರ, ಹನ್ನೊಂದು ಗಂಟೆ. ಅವರನ್ನು ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, "ಬನ್ನಿ ಅಮ್ಮ, ಹೇಗಿದ್ದೀರಿ, ಕಣ್ಣು ಹೇಗುಂಟು" ಎಂದು ಒಂದೇ ಉಸಿರಿಗೆ ಕೇಳಿದೆ. ಅವರು ನನ್ನ ಹಿಂದಿನ ಕಪಾಟಿನ ಕಡೆ ನೋಡುತ್ತಿದ್ದರು.

"ಒರು ಯೆಲ್ಲೋ ಓಕರ್ ಕುಡುಂಗೊ" ಎಂದರು, ತಮಿಳಿನಲ್ಲಿ. ಕೋಪದ ಧ್ವನಿಯಲ್ಲ. ಮೂಲೆಯ ಹಾಲಿನ ಬೂತಿನವನಿಗೆ, ಆಟೋದವನಿಗೆ ಹೇಳುವ ಹಾಗೆ, ಮರ್ಯಾದೆಯಿಂದಲೇ ಹೇಳಿದರು.

ನಾನು ಟ್ಯೂಬನ್ನು ತೆಗೆದು ಕೌಂಟರಿನ ಮೇಲಿಟ್ಟೆ. ಅವರು ಅದನ್ನು ತಿರುಗಿಸಿ ಹಿಂಬದಿಯ ಅಕ್ಷರಗಳನ್ನು ಕನ್ನಡಕವಿಲ್ಲದೆ ತಾವೇ ಓದಿಕೊಂಡರು. "ವೇರೆ ಏದಾವದು ವೇಣುಮಾಮ್ಮಾ?" ಎಂದು ನಾನು ತಮಿಳಿನಲ್ಲಿ ಕೇಳಿದೆ. ಬೇರೇನೂ ಬೇಡ ಎಂದು ತಲೆಯಾಡಿಸಿ ಅವರು ಹೊರಟರು.